ಎರಡನೆಯ ಗುಡ್ಡ

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಪೋರ್ಷನ್ನಿನಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಕ್ಯಾನ್ಸರ್ ಕೋಶಗಳ ಮೇಲೆ ಪಿಎಚ್‌ಡಿ ಮಾಡುತ್ತಾಳೆ. ಮೇಲೆ ವೈಫೈ ಸಿಗದೆಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ನನ್ನ ಡೈನಿಂಗ್ ಟೇಬಲ್ಲಿಗೆ ಬರುತ್ತಾಳೆ. ನಮ್ಮ ಕಾನ್ವೆಂಟಿನಲ್ಲಿ ಕಲಿಸಿದ್ದು ಎಂಬ್ರಾಯ್ಡರಿ ಮತ್ತು ಎಲೊಕ್ಯೂಷನ್. ಮೈಕ್ರೋಸ್ಕೋಪ್ ಗಾಜಿನ ಬೀರುವಿನಲ್ಲೇ ಇರುತ್ತಿತ್ತು. ಒಮ್ಮೆ ಇಣುಕಬೇಕೆಂಬ ಆಸೆ ಇನ್ನೂ ಹೋಗಿಲ್ಲ.

ಆವತ್ತು ನಾನು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಅವಳ ಸ್ಕ್ರೀನಿನಲ್ಲಿ ಗ್ರಾಫಿನ ಎರಡು ಗುಡ್ಡಗಳು.

“ಅದೇನೇ ಅದು?”

“ಕೋಶಕ್ಕ ಬಣ್ಣ ಹಾಕಿ ಒಂದೊಂದ ಲೇಸರ್ ಮುಂದ ಹಾಯಿಸ್ತೀವ್ರಿ ಆಂಟಿ. ಡಿಎನ್‌ಎ ಎಷ್ಟೈತೋ ಅಷ್ಟು ಬೆಳಕು. ಒಡದು ಎರಡಾಗಾಕ ತಯಾರಾದದ್ರಾಗ ದುಪ್ಪಟ್ಟು ಇರ್ತೈತಿ. ಅದ ಈ ಎರಡನೇ ಗುಡ್ಡ.”

ಅವಳು ಪರೀಕ್ಷಿಸುತ್ತಿರುವ ಔಷಧಿ ಕೋಶಗಳನ್ನು ಅಲ್ಲೇ ತಡೆದು ನಿಲ್ಲಿಸಬೇಕಂತೆ. ಆ ಗುಡ್ಡ ಎತ್ತರವಾದಷ್ಟೂ ಥೀಸಿಸ್ ಗಟ್ಟಿ. ಮರುದಿನವೇ ಗೈಡಿಗೆ ತೋರಿಸಬೇಕಿತ್ತು.

“ಎರಡು ಕೋಶ ಅಂಟ್ಕೊಂಡು ಹೋದ್ರೆ?”

“ಅದಕ್ಕೂ ದುಪ್ಪಟ್ಟ ಬೆಳಕ್ರಿ. ಆದ್ರ ಜೋಡಿ ಹಾಯಾಕ ಹೆಚ್ಚು ಹೊತ್ತು ಹಿಡೀತೈತಿ. ಅದ್ರಿಂದ ಗುರ್ತು ಹಿಡದು, ಒಂಟಿ ಕೋಶದ ಸುತ್ತ ಗೆರಿ ಎಳದು ಜೋಡಿ ಹೊರಗಿಡ್ತೀವಿ. ಗೇಟ್ ಅಂತಾರ.”

ತೋರಿಸು ಎಂದೆ. ಚುಕ್ಕಿಗಳ ಎರಡು ಚಿತ್ರ, ಔಷಧಿ ಹಾಕದ್ದು ಮತ್ತು ಹಾಕಿದ್ದು. ಎರಡನೆಯದರಲ್ಲಿ ಗೆರೆ ಇನ್ನಷ್ಟು ಅಗಲಕ್ಕೆ ಹಬ್ಬಿತ್ತು.

“ಇದಕ್ಯಾಕೆ ಕಾಂಪೌಂಡು ದೊಡ್ಡದು? ಪಕ್ಕದ ಸೈಟ್ ಒತ್ತುವರಿ ಮಾಡ್ದಂಗಿದೆ.”

ನಕ್ಕಳು. “ಔಷಧಿಗೆ ಕೋಶ ಉಬ್ತಾವ್ರಿ, ಅದಕ್ಕ.”

“ಉಬ್ಬಿದ್ದು ಯಾವುದು, ಜೋಡಿ ಯಾವುದು, ಗೊತ್ತಾಗುತ್ತಾ?”

ಬರೀ ಕ್ಯೂರಿಯಾಸಿಟಿಯಿಂದ ಕೇಳಿದ್ದು. ಅವಳ ನಗು ನಿಂತಿತು. ಆಮೇಲೆ ಮೊದಲ ಚಿತ್ರದ ಗೆರೆಯನ್ನೇ ನಕಲು ಮಾಡಿ ಎರಡನೆಯದರ ಮೇಲೆ ಕೂರಿಸಿದಳು. ಬಲಗಡೆಯ ಗುಡ್ಡ ಕಣ್ಣೆದುರೇ ಅರ್ಧಕ್ಕೆ ಕುಸಿಯಿತು.

ನಾನು ಅವರೆಕಾಳಿನ ಪಾತ್ರೆಯನ್ನು ಅವಳತ್ತ ತಳ್ಳಿದೆ. ನಾಲ್ಕಾರು ಕಾಳು ಹಿದುಕಿದಳು. ಒಂದು ಜಾರಿ ಫ್ರಿಜ್ಜಿನ ಕೆಳಗೆ ಹೋಯಿತು.

“ಸಣ್ಣ ಜಾಳಗಿಯಾಗ ಸೋಸಿ ಮತ್ತ ಹಾಯಿಸಬೇಕ್ರಿ. ಅಂಟಿಕೊಂಡಾವು ಭಾಳ ಅದಾವ.”

“ನಾಳೆ?”

“ಇದನ್ನ ತೋರಸ್ತೀನಿ.”

“ಬೈದ್ರೆ?”

“ಬೈಲಿ ಬಿಡ್ರಿ. ಗಿಡ್ಡ ಆದ್ರೂ ಗುಡ್ಡ ಐತಲ್ಲ.”

ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಯಾವ ಕೋಶಗಳಿವೆ ಎಂದು ಕೇಳಬೇಕೆನಿಸಿತು. ಆದರೆ ಅವಳು ಕೈ ಒರೆಸಿಕೊಂಡು ಉಳಿದ ಟ್ಯೂಬುಗಳ ಚಿತ್ರಗಳಿಗೂ ಅದೇ ಗೆರೆ ಕೂರಿಸಲು ಕುಳಿತಿದ್ದಳು. ಮುಗಿಯಲಿ ಎಂದು ಕಾದೆ.