ನಿನ್ನ ಮಗಳ ಮೊದಲ ಹಲ್ಲು

ಶಾಂತಾ, ನಿನ್ನ ಮಗಳ ಮೊದಲ ಹಲ್ಲನ್ನು ನಿನಗಿಂತ ಮುಂಚೆ ಕಂಡವಳು ನಾನು. ಕಂಡು ಮುಚ್ಚಿಟ್ಟೆ. ಅದು ಸಾಲದೆಂಬಂತೆ, ಆ ಹಲ್ಲಿನ ಭಯಕ್ಕೆ ಬಾಣಂತಿಯಾದ ನಿನ್ನನ್ನು ತವರಿನಿಂದ ಎಬ್ಬಿಸಿ ಕಳಿಸಿದೆ. ನೀರಿಲ್ಲ, ಸೌದೆಯಿಲ್ಲ, ಸೊಂಟ ನೋವು ಎಂದು ಆಗ ನಾನು ಹೇಳಿದ್ದೆಲ್ಲ — ಸುಳ್ಳು.

ಅರಸೀಕೆರೆಯ ಆ ಬಚ್ಚಲುಮನೆ ನಿನಗೆ ನೆನಪಿರಬಹುದು. ತೊಂಬತ್ತರ ದಶಕದ ಮೊದಲ ವರ್ಷಗಳು. ಸುಧಾಳಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ನೀರು ಹಾಕಿ, ಕೊನೆಗೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಬಾಯಿ ಒರೆಸುತ್ತಿದ್ದೆ. ಬೆರಳಿಗೆ ಏನೋ ತಗುಲಿತು. ಬಟ್ಟೆ ಬಿಚ್ಚಿ ಬರಿಬೆರಳಲ್ಲಿ ಮುಟ್ಟಿದೆ. ಮೇಲಿನ ವಸಡಿನ ನಡುವೆ, ಅಕ್ಕಿ ನುಚ್ಚಿನಷ್ಟು ಬೆಳ್ಳಗೆ ಒಂದು ಹಲ್ಲು.

ಒಂದು ಗಳಿಗೆ ನನಗೆ ಭಯವೇ ಆಗಲಿಲ್ಲ ಕಣೇ. ಇದನ್ನು ನೀನು ನಂಬಬೇಕು. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಸಾಲಾನೆಗಳಿಗೆ ದಂತ ಕೊರೆಯುವುದಕ್ಕೆ ಎಷ್ಟು ಉಳಿ, ಎಷ್ಟು ಜನರ ಆಯುಷ್ಯ ಬೇಕಾಯಿತೋ. ಇಲ್ಲಿ ತಾಯಿಯ ಹಾಲು ಬಿಟ್ಟು ಇನ್ನೇನನ್ನೂ ಕಾಣದ ಬಾಯಿ — ಅದರೊಳಗೆ ಸದ್ದಿಲ್ಲದೆ ಕಲ್ಲಿನಂಥದ್ದೊಂದನ್ನು ಕೂರಿಸಿದವನು ಯಾರು? ಹಾಲೇ ಗಟ್ಟಿಯಾಗಿ ಹಲ್ಲಾಯಿತೇ? ನೀರು ಆರುವುದನ್ನೂ ಮರೆತು ನೋಡುತ್ತ ಕೂತೆ. ಅವಳು ನನ್ನ ಬೆರಳು ಚೀಪಿ ನಕ್ಕಳು.

ಆಮೇಲೆ ನೆನಪಾಯಿತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು, ಅವನು ಅದನ್ನು ನೇರವಾಗಿ ನೋಡಬಾರದು — ನಿಮ್ಮಮ್ಮ ಊರಿನ ಎಷ್ಟೋ ಮಕ್ಕಳ ವಿಷಯದಲ್ಲಿ ಹೇಳಿದ್ದ ಮಾತು. ಸುಧಾಳ ಸೋದರಮಾವ ಎಂದರೆ ನಿಮ್ಮಣ್ಣ, ನನ್ನ ಗಂಡ. ದಿನ ಬೆಳಗಾದರೆ ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಬೇಲೂರಿಗೆ ಬಸ್ಸು ಓಡಿಸುವವರು. ಅದೇ ದಾರಿಯಲ್ಲಿ ಹಿಂದಿನ ತಿಂಗಳಷ್ಟೇ ಒಂದು ಲಾರಿ ಮಗುಚಿತ್ತು.

ಅದಕ್ಕೆ ಶಾಂತಿ ಇತ್ತು, ನನಗೆ ಗೊತ್ತಿತ್ತು. ಬಟ್ಟಲಲ್ಲಿ ಎಣ್ಣೆ ಹಾಕಿ, ಮಾವ ಅದರಲ್ಲಿ ಮಗುವಿನ ಮುಖ ನೋಡಿದರೆ ದೋಷ ಕಳೆಯಿತು. ಆದರೆ ಹಾಗೆ ಮಾಡಬೇಕೆಂದರೆ ನಿಮ್ಮಮ್ಮನಿಗೆ ಹೇಳಬೇಕು. ಅವರು ಅತ್ತು ಕರೆದು ಊರಿಗೆಲ್ಲ ಹೇಳುತ್ತಾರೆ. ಆ ಮಾತನ್ನು ಹೊತ್ತುಕೊಂಡೇ ಇವರು ಸ್ಟೇರಿಂಗ್ ಹಿಡಿಯುತ್ತಾರೆ. ಹೀಗೆಲ್ಲ ಯೋಚಿಸಿದೆ. ದಿನಾ ದೀಪ ಹಚ್ಚಿ ಆ ದಿನದ ಉಪಕಾರಗಳನ್ನು ದೇವರ ಮುಂದೆ ಎಣಿಸುವವಳು ನಾನು — ಹಾಲು ಒಡೆಯಲಿಲ್ಲ, ಅತ್ತೆಯ ಮಂಡಿನೋವು ಇಳಿಯಿತು, ಬಸ್ಸು ಹೊತ್ತಿಗೆ ಬಂತು. ಆ ಸಂಜೆ ಹಲ್ಲನ್ನು ಎಣಿಸಲಿಲ್ಲ. ಮಗುವನ್ನು ಇವರ ಕಣ್ಣಿಗೆ ಬೀಳದಂತೆ ದೂರ ಕಳಿಸಿಬಿಡು ಎಂದಷ್ಟೇ ಬೇಡಿದೆ.

ದೇವರು ಕಳಿಸಲಿಲ್ಲ. ನಾನೇ ಕಳಿಸಿದೆ. ನೀನು ತೊಟ್ಟಿಲ ಬಟ್ಟೆ ಮಡಿಸುತ್ತಿದ್ದೆ.

"ಐದು ತಿಂಗಳು ಅಂತ ಯಾವ ಶಾಸ್ತ್ರದಲ್ಲೈತೆ ಶಾಂತಾ? ಇನ್ನೂ ಎಷ್ಟು ದಿನ ಎಳೆಯೋದು ಈ ಬಾಣಂತನಾವ? ನನ್ಗೂ ಸೊಂಟ ಅನ್ನೋದೊಂದೈತೆ."

ನೀನು ತಲೆ ಎತ್ತಲಿಲ್ಲ. "ಆಯ್ತು ಅತ್ತಿಗೆ," ಅಂದೆ. ನಿಮ್ಮಮ್ಮ ಎಷ್ಟು ತಡೆದರೂ ನೀನೇ, ಇಲ್ಲ, ಅವರ ಮನೇಲಿ ಕರೀತಿದಾರೆ ಎಂದು ನನ್ನ ಮಾನ ಉಳಿಸಿದೆ.

ನಿನ್ನ ಗಂಡನ ಮನೆ ಹಳೇಬೀಡಿನಲ್ಲಿ; ಅಲ್ಲಿಗೆ ಹೋಗಲು ಇವರ ಬಸ್ಸಲ್ಲದೆ ಇನ್ಯಾವುದು? ನಿಮ್ಮಮ್ಮನಿಗೆ ಮಂಡಿನೋವು, ಮಗು-ತಾಯಿಯನ್ನು ಮುಟ್ಟಿಸಿ ಬರಲು ನಾನೇ ಹೊರಟೆ. ದಾರಿಯುದ್ದಕ್ಕೂ ಸುಧಾಳ ಬಾಯಿಗೆ ನನ್ನ ಸೆರಗು ಅಡ್ಡ ಹಿಡಿದಿದ್ದೆ. ಧೂಳು ಕಣೇ, ಅಂದಿದ್ದೆ.

ಹಳೇಬೀಡಿನ ಸ್ಟ್ಯಾಂಡಿನಲ್ಲಿ ಇವರು ಇಳಿದು ಬಂದು, ನಾನು ತಡೆಯುವಷ್ಟರಲ್ಲಿ ಮಗುವನ್ನು ಎತ್ತಿಕೊಂಡರು. ಡೀಸೆಲ್ ವಾಸನೆಯ ಬೆರಳನ್ನು ಅವಳು ಬಾಯಿಗೆ ಹಾಕಿಕೊಂಡಳು.

"ಏ ಶಾಂತಾ, ಬಾ ಇಲ್ಲಿ. ನಿನ್ ಮಗ್ಳಿಗೆ ಹಲ್ಲು ಬಂದೈತೆ ಕಣೇ. ಮಾವನ್ನ ಕಚ್ಚಾಕೆ ಎಷ್ಟ್ ಅವಸರ ನೋಡು ಕಳ್ಳಿಗೆ."

ನೀನು ಓಡಿ ಬಂದು ನೋಡಿದೆ. ಮುಖ ಅರಳಿತು, ಮರುಕ್ಷಣ ಬಿಳಚಿತು. "ಅಣ್ಣಾ, ಮೇಲಿನ ಹಲ್ಲು —"

"ಅದ್ಕೇನೀಗ? ಎಣ್ಣೇಲಿ ಮಕ ನೋಡ್ಬೇಕು, ಅಷ್ಟೇ ತಾನೆ? ಇಂಜಿನ್ ಆಯಿಲ್ ಆಯ್ತದಾ?"

"ಅದ್ರಾಗೆ ನಿನ್ ಮಕ ಇನ್ನೂ ಬೆಳ್ಳಗೆ ಕಾಣ್ತದೆ ಬಾರಣ್ಣ," ಎಂದ ಕಂಡಕ್ಟರು.

ಇವರು ನಗುತ್ತಲೇ ಬೋಂಡದಂಗಡಿಯಿಂದ ಒಂದು ಬಟ್ಟಲು ಕಡಲೆಕಾಯಿ ಎಣ್ಣೆ ಇಸಿದುಕೊಂಡು, ಬಸ್ಸಿನ ಮೆಟ್ಟಿಲ ಮೇಲಿಟ್ಟು, ಮಗುವಿನೊಂದಿಗೆ ಬಗ್ಗಿದರು. ನಾನೂ ಇಣುಕಿದೆ. ಹಳದಿ ಎಣ್ಣೆಯಲ್ಲಿ ಇಬ್ಬರ ಮುಖ. ಅವಳು ತನ್ನನ್ನೇ ಕಂಡು ಬಾಯಿ ತೆರೆದಳು. ಆ ಒಂದು ಹಲ್ಲು ಎಣ್ಣೆಯೊಳಗೆ ನಕ್ಷತ್ರದ ಹಾಗೆ ಹೊಳೆಯಿತು. ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ದೇವರನ್ನು ಅಷ್ಟು ಹತ್ತಿರದಲ್ಲಿ ನಾನು ಮತ್ತೆ ಕಂಡಿಲ್ಲ.

ಅಷ್ಟೇ. ಒಬ್ಬರು ಟೀ ಕುಡಿದು ಮುಗಿಸುವಷ್ಟರಲ್ಲಿ ಮುಗಿದುಹೋಯಿತು. ಅದಕ್ಕಾಗಿ ನಾನು ನಿನ್ನನ್ನು —

ಇವರು ನನ್ನ ಕಡೆ ತಿರುಗಿ, "ನೀನ್ ನೋಡಿರ್ಲಿಲ್ವಾ?" ಅಂದರು. "ಇಲ್ವಲ್ಲ," ಅಂದೆ. ಬಾ ಶಾಂತಾ, ಇದೇ ಬಸ್ಸಿನಲ್ಲಿ ವಾಪಸ್ ಹೋಗೋಣ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನ ಟ್ರಂಕು, ತೊಟ್ಟಿಲು ಟಾಪಿನಿಂದ ಇಳಿದಿದ್ದವು. ನಾನು ತೊಟ್ಟಿಲು ಎತ್ತಿಕೊಂಡು ನಿಮ್ಮ ಮನೆಯ ಕಡೆ ನಡೆದೆ.

ಎರಡನೆಯ ಬಾಣಂತನಕ್ಕೆ ನೀನು ಬರಲಿಲ್ಲ. ಹಬ್ಬಕ್ಕೆ ಬಂದರೂ ಸಂಜೆಯ ಬಸ್ಸಿಗೆ ಹೊರಡುತ್ತಿದ್ದೆ. ಮಗಳು ಯಾಕೆ ಒಂದು ದಿನವೂ ಉಳಿಯುವುದಿಲ್ಲ ಎಂದು ಕೇಳಿ ಕೇಳಿಯೇ ನಿಮ್ಮಮ್ಮ ಹೋದರು. ಉತ್ತರ ಗೊತ್ತಿದ್ದವಳು ಅವರ ಪಕ್ಕದಲ್ಲೇ ಕೂತು ಗಂಜಿ ಕುಡಿಸುತ್ತಿದ್ದಳು.

ಹೋದ ತಿಂಗಳು ಅವರ ತಿಥಿಯ ದಿನ ಎಲೆ ಒರೆಸುತ್ತ ನೀನೇ ಅಂದೆ: "ಆಗ ನಾನು ನಿಮ್ಗೆ ಭಾರ ಆಗ್ಬಿಟ್ಟೆ ಕಣ್ರೀ ಅತ್ತಿಗೆ. ಮನಸ್ಸಲ್ಲಿ ಇಟ್ಕೋಬೇಡಿ."

"ಹೋಗ್ಲಿ ಬಿಡೇ," ಅಂದೆ ನಾನು. ನಿನ್ನಿಂದ ಕ್ಷಮೆ ಕೇಳಿಸಿಕೊಂಡು, ಅದನ್ನು ದೊಡ್ಡ ಮನಸ್ಸಿನಿಂದ ಕೊಟ್ಟವಳ ಹಾಗೆ. ಹಲ್ಲು ಮುಚ್ಚಿಟ್ಟದ್ದಕ್ಕಿಂತ ಇದು ದೊಡ್ಡ ತಪ್ಪು. ಒಳಮನೆಯಲ್ಲಿ ಕಾಲೇಜಿಗೆ ಹೋಗುವ ಸುಧಾ ಮಾವನಿಗೆ ಏನೋ ಹೇಳಿ ಬಾಯ್ತುಂಬ ನಗುತ್ತಿದ್ದಳು. ನನಗೆ ಆ ಕಡೆ ನೋಡಲಾಗಲಿಲ್ಲ.

ನಿನ್ನೆ ಇವರಿಗೆ ಎಲ್ಲ ಹೇಳಿದೆ. ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. "ನನ್ಗೇನ್ ಹೇಳ್ತೀಯ? ಅವ್ಳಿಗೆ ಹೇಳು," ಅಂದರು.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಬಾಗಿಲು ತೆಗೆದರೆ ಒಳಗೆ, ತೆಗೆಯದಿದ್ದರೆ ಜಗುಲಿಯಲ್ಲಿ ನಿಂತು, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ನೀನು ಕೇಳಿದ ಆ ಕ್ಷಮೆ ನನ್ನ ಹತ್ತಿರವೇ ಉಳಿದುಬಿಟ್ಟಿದೆ ಶಾಂತಾ. ಅದು ನಿನ್ನದಲ್ಲ, ನಾನು ಕೇಳಬೇಕಾಗಿದ್ದದ್ದು.