ಓದಿ ಸುಮ್ಮನೆ ಬಂದವರು

ಹಾಲಹರವಿ ಕಡೆಯ ಒಂದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಟೀಚರ್. ಒಂಬತ್ತನೇ ತರಗತಿಗೆ ಒಂದು ಬ್ಲಾಗ್ ಮಾಡಿಕೊಟ್ಟಿದ್ದೆ. ಒಬ್ಬೊಬ್ಬರಾಗಿ ಬರೆಯುವುದು, ಉಳಿದವರು ಮನೆಯ ಫೋನಿನಲ್ಲಿ ಓದಿ ಕೆಳಗೆ ನಾಲ್ಕು ಮಾತು ಬರೆಯುವುದು. ಮೊದಮೊದಲು ಬರೀ ‘ಸೂಪರ್’ ಬರುತ್ತಿತ್ತು. ಒಬ್ಬ ತನ್ನ ಆಡಿನ ಬಗ್ಗೆ ಬರೆದರೆ ಇನ್ನೊಬ್ಬ ‘ಆಡು ಥೇಟ್ ನಿಮ್ಮಪ್ಪನ ಹಂಗ ಐತಿ’ ಎಂದು ಹಾಕಿ ನನ್ನಿಂದ ಸರಿಯಾಗಿ ಬೈಸಿಕೊಂಡ. ಪೂರ್ತಿ ಓದಿ, ಹಿಡಿಸಿದ್ದನ್ನು ಹೇಳಿ, ತಿಳಿಯಬೇಕೆನಿಸಿದ್ದನ್ನು ಕೇಳಿ, ನೋಯಿಸಬೇಡಿ ಎಂದು ಬೋರ್ಡಿನ ಮೇಲೆ ಬರೆದೆ. ಕಲಿತರು ಕೂಡ.

ಆಮೇಲೆ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಬರೆದಳು, ಹಿಂದಿನ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡ ತಮ್ಮನ ಬಗ್ಗೆ. ಅವನನ್ನು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ್ದರು. ಸಂಜೆ ಕುರಿ ದೊಡ್ಡಿಗೆ ಬರುವಾಗ ಅವನು ಮರಿಗಳನ್ನು ಕರೆಯುವ ದನಿ ಈಗಲೂ ಕೇಳುತ್ತದೆ, ಹೇಳಿದರೆ ಅವ್ವ ಬಾಯಿ ಮುಚ್ಚಿಸುತ್ತಾಳೆ ಎಂದಿದ್ದಳು.

ಅದರ ಕೆಳಗೆ ಒಂದು ಮಾತೂ ಬರಲಿಲ್ಲ. ಆಕೆ ದಿನಾ ಊಟದ ಬಿಡುವಿನಲ್ಲಿ ಕಂಪ್ಯೂಟರ್ ಕೋಣೆಗೆ ಬಂದು ನೋಡಿ ಹೋಗುತ್ತಿದ್ದಳು. ಕಡೆಗೆ, “ಇದನ್ನ ತೆಗದುಬಿಡ್ರಿ ಟೀಚರ್. ಯಾರಿಗೂ ಬ್ಯಾಡಾಗೈತಿ. ಇನ್ನ ನಾ ಬರಿಯಂಗಿಲ್ಲ,” ಎಂದಳು.

ನನಗೆ ಪಿತ್ತ ನೆತ್ತಿಗೇರಿತು. ಆಡಿನ ಬಗ್ಗೆ ಅಷ್ಟು ಮಾತಾಡುವವರಿಗೆ ಈ ಹುಡುಗನ ಬಗ್ಗೆ ಬಾಯಿ ಬಿದ್ದುಹೋಯಿತೇ ಎಂದು ತರಗತಿಯಲ್ಲಿ ಕೂಗಾಡಿದೆ. ಆಕೆಯ ಪಕ್ಕ ಕೂರುವ ಗೆಳತಿ ಎದ್ದು ನಿಂತಳು.

“ಎಲ್ಲಾರೂ ಓದೀವ್ರಿ ಟೀಚರ್. ಸತ್ತ ಮನ್ಯಾಗ ಹೇಳಿ ಬರಬಾರದಲ್ರಿ, ಸುಮ್ಮನ ಎದ್ದು ಬರಬೇಕು. ಅದಕ್ಕ ಹಂಗ ಬಂದ್ವಿ.”

ನಮ್ಮ ಕಡೆ ಹಾಗೆಯೇ. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀವಿ’ ಎನ್ನುವಂತಿಲ್ಲ. ಮಕ್ಕಳು ಬ್ಲಾಗಿನಲ್ಲೂ ಅದೇ ಮರ್ಯಾದೆ ತೋರಿಸಿದ್ದರು, ನನ್ನ ಸಿಟ್ಟು ಹಾಗೇ ಇಳಿಯಿತು.

“ಮನಿಗೆ ಬಂದೋರೂ ಹಂಗ ಹೋದ್ರು,” ತಮ್ಮನ ಬಗ್ಗೆ ಬರೆದ ಹುಡುಗಿ ಕೂತಲ್ಲಿಂದಲೇ ಹೇಳಿದಳು. “ಅವನ ಸುದ್ದಿ ಯಾರೂ ತೆಗಿವಲ್ರು.”

ಮರುದಿನ ಶಾಲೆ ಬಿಟ್ಟ ಮೇಲೆ ಬ್ಲಾಗ್ ತೆರೆದರೆ ಗೆಳತಿಯ ಪ್ರಶ್ನೆ ಇತ್ತು: “ನಿನ್ನ ತಮ್ಮಗ ಕತ್ತಲಂದ್ರ ಅಂಜಿಕಿ ಇತ್ತಾ?”

ಅದರ ಕೆಳಗೆ ಹುಡುಗಿಯ ಉತ್ತರ: “ಭಾಳ ಇತ್ತು. ಹಳ್ಳದಾಗ ದೀಪ ಇಲ್ಲ.”

ನಾನೂ ಕೆಳಗೆ ಏನೋ ಬರೆದೆ, ಅಳಿಸಿದೆ. ಅಷ್ಟರಲ್ಲಿ ಗೆಳತಿಯೇ ಬರೆದಳು: “ನಾಳೆ ಸಾಲಿ ಬಿಟ್ಟ ಮ್ಯಾಲ ಇಬ್ರೂ ಹೋಗಿ ದೀಪ ಹಚ್ಚೋಣು. ನನಗ ಅಂಜಿಕಿ ಐತಿ, ಆದ್ರೂ ನಿನ್ನ ಕೂಡ ಬರ್ತೀನಿ.”

ಹುಡುಗಿಯ ಉತ್ತರ ಬಂತು.

“ಅಂಜಬ್ಯಾಡ. ಅವ ಇನ್ನಾ ಸಣ್ಣಾವ ಅದಾನ.”