ಆ ಮನೆಗೆ ಹೋಗುವುದಿಲ್ಲ ಎಂದ ವರ್ನೆಲ್

ನನ್ನ ತಮ್ಮ ವರ್ನೆಲ್ ಟಾಲಿವರ್‌ನದು ಹುಡುಗರನ್ನು ಹುಡುಕುವ ಕೆಲಸ. ಮಿಸಿಸಿಪ್ಪಿಯ ನಮ್ಮ ಈ ಬಯಲಿನಲ್ಲಿ ಎಲ್ಲಿ ಹೈಸ್ಕೂಲಿನ ಫುಟ್‌ಬಾಲ್ ಮೈದಾನದ ದೀಪ ಹತ್ತುತ್ತದೋ ಅಲ್ಲಿಗೆ ಅವನ ಹಳೇ ಟ್ರಕ್ಕು ಹೋಗಿ ನಿಲ್ಲುತ್ತದೆ. ಚೆನ್ನಾಗಿ ಆಡುವವನು ಕಂಡರೆ ಮನೆತನಕ ಹೋಗಿ, ತಾಯಿಯ ಕೈಯೂಟ ಉಂಡು, ಓದು ಊಟ ವಸತಿ ಎಲ್ಲ ಪುಕ್ಕಟೆ ಎಂದು ಹೇಳಿ ನಮ್ಮ ಕರಿಯರ ಕಾಲೇಜಿನ ತಂಡಕ್ಕೆ ತರಬೇಕು. ಅವನ ಹೊಟ್ಟೆ ಮುಂದೆ ಬಂದಿರುವುದೂ ಇದರಿಂದಲೇ. ಬೇಡ ಎಂದರೆ ತಾಯಂದಿರು ಬಿಡುವುದಿಲ್ಲ.

ಅವನೂ ಒಂದು ಕಾಲಕ್ಕೆ ಇದೇ ತಂಡದಲ್ಲಿ ಆಡಿದವನು. ಮಂಡಿ ಊದಿ ಕುಂಬಳಕಾಯಿ ಆದಾಗಲೂ ಅಂದಿನ ಕೋಚ್ 'ಆಡು' ಎಂದರೆ 'ಆಗಲಿ ಸಾರ್' ಎಂದು ಆಡಿದ. ವರ್ಷದ ಕೊನೆಗೆ ಸಭೆ ಕರೆದು ಇವನಿಗೆ ಸದ್ಗುಣಿ ಎಂದು ಫಲಕ ಕೊಟ್ಟರು. ಫಲಕ ಗೋಡೆಗೆ ಹೋಯಿತು, ಮಂಡಿ ಹಾಳಾಯಿತು. ಈಗ ಮೆಟ್ಟಿಲು ಹತ್ತುವಾಗ ಮುದುಕಿಯ ಹಾಗೆ ಮುಲುಗುತ್ತಾನೆ. ಮಾಲೀಕರ ಬಾಯಲ್ಲಿ ಸದ್ಗುಣ ಅಂದರೆ ಏನು ಎಂದು ನಾನು ಮೀನು ಕತ್ತರಿಸುವ ಕಾರ್ಖಾನೆಯ ಮುಷ್ಕರದಲ್ಲಿ ಕಲಿತೆ. ಅವನು ಮಂಡಿಯಿಂದ ಕಲಿತ.

ಹುಡುಗ ಎಷ್ಟು ಬೇಗ ಓಡುತ್ತಾನೆ ಎನ್ನುವುದಕ್ಕೆ ಗಡಿಯಾರ ಇದೆ. ಎಷ್ಟು ತೂಗುತ್ತಾನೆ ಎನ್ನುವುದಕ್ಕೆ ತಕ್ಕಡಿ ಇದೆ. ನಡತೆ ಅಳೆಯಲು ಕೋಚುಗಳ ಹತ್ತಿರ ಇರುವುದು ಊಟದ ಮೇಜು ಒಂದೇ. ಹುಡುಗ ಮಾತುಮಾತಿಗೆ ಸಾರ್ ಅನ್ನುತ್ತಾನಾ, ಕಣ್ಣಲ್ಲಿ ಕಣ್ಣಿಟ್ಟು ಕೈ ಕುಲುಕುತ್ತಾನಾ, ತಾಯಿಯ ತಟ್ಟೆ ಎತ್ತುತ್ತಾನಾ? ಇಷ್ಟು ಆದರೆ ಪಾಸು. ಆಗದಿದ್ದರೆ ಕಚೇರಿಯ ಬಿಳಿ ಹಲಗೆಯ ಮೇಲೆ ಅವನ ಹೆಸರಿನ ಪಕ್ಕ ಕೆಂಪು ಬೊಟ್ಟು. ಯಾರಾದರೂ ಬಂದಾಗ ತಟ್ಟೆ ಎತ್ತುವುದನ್ನು ನಾಯಿಗೂ ಕಲಿಸಬಹುದು, ಇದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಎರಡು ವರ್ಷದ ಹಿಂದೆ ತಂಡದಲ್ಲಿ ಕೊನೆಗೆ ಒಂದೇ ಜಾಗ ಉಳಿದಿತ್ತು, ಹುಡುಗರು ಇಬ್ಬರು. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುವುದು; ಕ್ವಿಂಟನ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ ಹಿಂದೆ ಬಂದವರಿಗೆ ಸಿಗುವುದು ಧೂಳು ಮಾತ್ರ. ಮಾತು ಜೇನು. ಆದರೆ ಒಂದು ಪಾರ್ಟಿಯಲ್ಲಿ, ಜೊತೆಗೆ ಬರುವುದಿಲ್ಲ ಎಂದ ಹುಡುಗಿಯ ಮುಖಕ್ಕೆ ಗುದ್ದಿ ದವಡೆ ಮುರಿದಿದ್ದ. ಊರೆಲ್ಲ ಸೇರಿ ಅದನ್ನು ಮುಚ್ಚಿಹಾಕಿತು. ಅವನ ಹೆಸರಿನ ಪಕ್ಕ ಬೊಟ್ಟಿರಲಿಲ್ಲ.

ಬೊಟ್ಟಿದ್ದದ್ದು ಲಡೇರಿಯಸ್‌ಗೆ. ದಪ್ಪ ಹೆಗಲಿನ ಹುಡುಗ, ಎದುರಾಳಿಗಳನ್ನು ತಡೆದು ನಿಲ್ಲಿಸುವವನು, ಒಳ್ಳೆಯ ಆಟಗಾರ, ಅಷ್ಟೇ. ಆಗಸ್ಟಿನ ಸುಡುಬಿಸಿಲಲ್ಲಿ ಅಭ್ಯಾಸ ಮಾಡುವಾಗ ಜೊತೆಯ ಹುಡುಗನೊಬ್ಬ ಕುಸಿದು ಬಿದ್ದ. 'ನಾಟಕ ಸಾಕು, ಏಳು' ಎಂದು ಅವರ ಶಾಲೆಯ ಕೋಚ್ ಗದರಿದ. ಲಡೇರಿಯಸ್ ಹೆಲ್ಮೆಟ್ ಕಿತ್ತು ಎಸೆದು, ಬಿದ್ದವನನ್ನು ಹೆಗಲ ಮೇಲೆ ಹಾಕಿಕೊಂಡು ಮೈದಾನ ಬಿಟ್ಟು ನಡೆದ. ತಂಡಕ್ಕೆ ತಂಡವೇ ಹಿಂದೆ ಹೋಯಿತು. ಬಿದ್ದವನು ಆಸ್ಪತ್ರೆ ಸೇರಿ ಬದುಕಿಕೊಂಡ. ಆ ಕೋಚ್ ಮಾತ್ರ ಕೇಳಿದ ಕಾಲೇಜುಗಳಿಗೆಲ್ಲ ಹೇಳಿದ್ದು ಒಂದೇ ಮಾತು: ಇವನು ತಂಡ ಒಡೆಯುವವನು. ಬೊಟ್ಟು ಬಿದ್ದದ್ದು ಈ ಮಾತಿಗೇ.

ಲಡೇರಿಯಸ್‌ನ ಮನೆಗೆ ವರ್ನೆಲ್ ನನ್ನನ್ನೂ ಕರೆದುಕೊಂಡು ಹೋದ. ಅವನನ್ನು ಸಾಕಿದ ಅಜ್ಜಿ ಓಜೆಲ್ಲಾ ನನ್ನ ಜೊತೆ ಮುಷ್ಕರದಲ್ಲಿ ಕೂತವಳು, ಅದಕ್ಕೆ. ಮೇಜಿನ ಮೇಲೆ ಹುರಿದ ಮೀನು, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ಬಂದವು. ವರ್ನೆಲ್ ಬಾಯಿ ಒರೆಸಿಕೊಂಡು, ಎಲ್ಲ ಮನೆಗಳಲ್ಲೂ ಹೇಳುವ ಮಾತನ್ನು ಶುರು ಮಾಡಿದ.

"ಅಮ್ಮಾ, ಇವನನ್ನ ನನ್ನ ಸ್ವಂತ ಮಗನ ಥರ..."

"ನಿಲ್ಲಿಸಪ್ಪ," ಅಂದಳು ಓಜೆಲ್ಲಾ. "ಬಿಸಿಲಲ್ಲಿ ಬಿದ್ದನಲ್ಲ, ಆ ಹುಡುಗನ ತಾಯಿಗೂ ಅವರ ಕೋಚ್ ಇದನ್ನೇ ಹೇಳಿದ್ದ. ಮಗನ ಥರ ಅಂತೆ! ನೀವೆಲ್ಲ ಎಷ್ಟು ಮಕ್ಕಳನ್ನ ಹಡೆದಿದ್ದೀರೋ ಏನೋ."

ನಾನು ನಗು ತಡೆಯಲಾರದೆ ಕೆಮ್ಮಿದೆ. "ಅಕ್ಕಾ, ನೀನು ಯಾರ ಕಡೆ?" ಅಂದ ವರ್ನೆಲ್.

"ಮೀನಿನ ಕಡೆ. ನೀನು ಮಾತಾಡು."

ಓಜೆಲ್ಲಾ ಬಿಡಲಿಲ್ಲ. "ಇವನ ನಡತೆ ನೋಡಕ್ಕೆ ಬಂದಿದ್ದೀಯ, ನೋಡ್ಕೋ. ನಿಮ್ಮ ನಡತೆ ನೋಡೋರು ಯಾರು? ನಿನ್ನ ಮೇಲಿನವನು ತಪ್ಪು ಮಾಡಿದರೆ ನೀನು ಏನು ಮಾಡ್ತೀಯ? ಅದನ್ನ ಹೇಳು."

ವರ್ನೆಲ್ ಮೀನಿನ ಮುಳ್ಳು ಬಿಡಿಸತೊಡಗಿದ. ಅದುವರೆಗೆ ಬಾಯಿ ಬಿಡದೆ ಕೂತಿದ್ದ ಲಡೇರಿಯಸ್ ಆಗ ಕೇಳಿದ. ಸಾರ್ ಗೀರ್ ಏನೂ ಇಲ್ಲ.

"ನಾನು ಮಾಡಿದ್ದು ತಪ್ಪು ಅಂತ ಬರಕೊಡಬೇಕಂತೆ. ಇನ್ನೊಂದು ಕಾಲೇಜಿನವರು ಹಾಗಂದರು. ನೀವೂ ಅದನ್ನೇ ಕೇಳ್ತೀರಾ?"

"ಬರಕೊಟ್ಟೆಯಾ?"

"ಇಲ್ಲ."

"ಕೊಟ್ಟಿದ್ದರೆ ನಾನು ಈಗಲೇ ಎದ್ದು ಹೋಗ್ತಿದ್ದೆ," ಅಂದ ವರ್ನೆಲ್. ಓಜೆಲ್ಲಾ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು.

ಮರುದಿನ ಕಚೇರಿಯಲ್ಲಿ ಆದದ್ದನ್ನು ನನಗೆ ಹೇಳಿದವನು ಹೊಸಿಯಾ, ಅಲ್ಲಿನ ಇನ್ನೊಬ್ಬ ಸಹಾಯಕ ಕೋಚ್. ವರ್ನೆಲ್ ಇಂಥದ್ದನ್ನು ಬಾಯಿಬಿಟ್ಟು ಹೇಳುವವನಲ್ಲ. ಮುಖ್ಯ ಕೋಚ್ ಬ್ರಾಸ್‌ಫೀಲ್ಡ್ ಬಂದವನೇ, "ವರ್ನೆಲ್, ಇವತ್ತು ಕ್ವಿಂಟನ್ ಮನೆಗೆ ಹೋಗಿ ಮಾತು ಮುಗಿಸಿಕೊಂಡು ಬಾ," ಅಂದನಂತೆ.

"ಆ ಮನೆಗೆ ನಾನು ಹೋಗಲ್ಲ, ಕೋಚ್."

"ಯಾಕೆ, ಟ್ರಕ್ಕು ಕೆಟ್ಟಿದೆಯಾ?"

"ಟ್ರಕ್ಕು ಚೆನ್ನಾಗಿದೆ. ಹುಡುಗಿ ದವಡೆ ಮುರಿದವನಿಗೆ ಬೊಟ್ಟಿಲ್ಲ, ಸಾಯೋನನ್ನ ಎತ್ಕೊಂಡು ಹೋದವನಿಗೆ ಬೊಟ್ಟು. ಇದು ಯಾವ ಸೀಮೆ ನ್ಯಾಯ?"

"ಅದು ಹುಡುಗು ಬುದ್ಧಿ ಕಣಯ್ಯ, ವಯಸ್ಸಾದರೆ ಸರಿಹೋಗ್ತದೆ. ಇನ್ನೊಬ್ಬನದು ಹಾಗಲ್ಲ. ಕೋಚಿಗೆ ತಿರುಗಿಬಿದ್ದವನು ನಾಳೆ ನನಗೂ ತಿರುಗಿಬೀಳ್ತಾನೆ. ನಡತೆ ಅಂದರೆ ಹೇಳಿದ್ದು ಕೇಳೋದು."

"ಹೇಳಿದ್ದು ಕೇಳೋದು ನಡತೆ ಆದರೆ ನನ್ನ ಮಂಡಿಯಷ್ಟು ಸದ್ಗುಣಿ ಈ ರಾಜ್ಯದಲ್ಲೇ ಇಲ್ಲ."

ಬ್ರಾಸ್‌ಫೀಲ್ಡ್ ಮೇಜು ಗುದ್ದಿದ. "ಹೋಗಲ್ಲ ಅಂದರೆ ಬೀಗದ ಕೈ ಇಟ್ಟು ಮನೆಗೆ ನಡಿ."

ವರ್ನೆಲ್ ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲೆ ಇಟ್ಟ. "ಇಟ್ಟೆ. ಈಗ ನೀವೇ ಆ ಹುಡುಗಿ ಮನೆಗೆ ಹೋಗಿ. ಅವಳ ತಾಯಿ ಎದುರಿಗೆ ಕೂತು, ಈ ಹುಡುಗನ ನಡತೆ ನಮಗೆ ಒಪ್ಪಿಗೆ ಅಂತ ಹೇಳಿ. ಹೇಳಕ್ಕೆ ಬಾಯಿ ಬಂದರೆ ಆಮೇಲೆ ಕ್ವಿಂಟನ್ ಮನೆಗೆ ಹೋಗಿ."

ಬ್ರಾಸ್‌ಫೀಲ್ಡ್ ಹೊಸಿಯಾನ ಕಡೆ ತಿರುಗಿದ. "ನೀನು ಹೋಗು."

ಹೊಸಿಯಾ ಪುಕ್ಕಲ. ಇದು ಅವನೇ ಹೇಳಿಕೊಳ್ಳುವ ಮಾತು. "ಮನೇಲಿ ಹೆಣ್ಣುಮಕ್ಕಳಿದ್ದಾರೆ ಕೋಚ್," ಅಂದು ತನ್ನ ಬೀಗದ ಕೈಗಳನ್ನೂ ತೆಗೆದು ವರ್ನೆಲ್‌ನ ಗೊಂಚಲಿನ ಪಕ್ಕ ಇಟ್ಟನಂತೆ. ಮೂಲೆಯಲ್ಲಿ ಕೂತಿದ್ದ ಮೂರನೆಯವನು, ಆ ವರ್ಷವೇ ಕೆಲಸಕ್ಕೆ ಸೇರಿದವನು, ಎದ್ದು ಬಂದು ತನ್ನದನ್ನೂ ಇಟ್ಟ. ಒಬ್ಬ ನಿಂತರೆ ಅದನ್ನು ಹಠ ಅನ್ನುತ್ತಾರೆ. ಮೂವರು ನಿಂತರೆ ಅದರ ಹೆಸರು ಮುಷ್ಕರ. ಪಾಪ, ಅವರಿಗೆ ಅದು ಗೊತ್ತಿರಲಿಲ್ಲ. ಬ್ರಾಸ್‌ಫೀಲ್ಡ್‌ಗೆ ಗೊತ್ತಾಯಿತು. ವರ್ಷಗಳಿಂದ ಯಾವ ಮನೆಯ ಮೆಟ್ಟಿಲೂ ಹತ್ತದವನಿಗೆ ಈ ಮೂವರಿಲ್ಲದೆ ಊರ ದಾರಿಯೂ ತಿಳಿಯುತ್ತಿರಲಿಲ್ಲ.

"ತಗೊಂಡು ಸಾಯಿರಿ ಆ ಹೆಗಲಿನವನನ್ನ," ಅಂದ. "ಒಂದೇ ಒಂದು ಸಲ ಅವನು ನನ್ನ ತಂಡವನ್ನ ಮೈದಾನದಿಂದ ಎಬ್ಬಿಸಿದರೆ ವರ್ನೆಲ್, ಅವತ್ತೇ ನೀನೂ ಹೊರಗೆ."

"ಎಬ್ಬಿಸೋ ಹಾಗೆ ನೀವು ಮಾಡಬೇಡಿ," ಅಂದು ವರ್ನೆಲ್ ಬೀಗದ ಕೈ ಎತ್ತಿಕೊಂಡ.

ಲಡೇರಿಯಸ್ ಬಂದ. ಈಗ ಎರಡನೇ ವರ್ಷ. ಈಗಲೂ ಯಾರಿಗೂ ಸಾರ್ ಅನ್ನುವುದಿಲ್ಲ, ಹೆಗಲಲ್ಲಿ ತಡೆಯುವುದನ್ನು ತಡೆಯುತ್ತಾನೆ, ಪತ್ರಿಕೆಯವರು ಅವನ ಫೋಟೋ ಹಾಕುವುದಿಲ್ಲ. ಕ್ವಿಂಟನ್‌ನನ್ನು ದೊಡ್ಡ ಕಾಲೇಜೊಂದು ಎತ್ತಿಕೊಂಡು ಹೋಯಿತು. ಅವನು ಪ್ರತಿ ಶನಿವಾರ ಟಿವಿಯಲ್ಲಿ ಓಡುತ್ತಾನೆ. ನಮ್ಮ ತಂಡ ಕಳೆದ ಬಾರಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಊರಿನ ಗಂಡಸರು ಇದನ್ನೆಲ್ಲ ವರ್ನೆಲ್‌ನ ತಲೆಗೆ ಕಟ್ಟಿದ್ದಾರೆ.

ಮೊನ್ನೆ ಶನಿವಾರ ಅವನನ್ನು ಕರೆಯಲು ಕ್ಷೌರದಂಗಡಿಗೆ ಹೋಗಿದ್ದೆ. ಟಿವಿಯಲ್ಲಿ ಕ್ವಿಂಟನ್ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿದ. ಅಂಗಡಿಯ ಕ್ಲೀಟಸ್ ಕತ್ತಿಯನ್ನು ಗಾಳಿಯಲ್ಲಿ ಆಡಿಸುತ್ತ, "ನೋಡಯ್ಯಾ ವರ್ನೆಲ್! ಕುದುರೆ ಬಿಟ್ಟು ಹೇಸರಗತ್ತೆ ಹಿಡಕೊಂಡು ಬಂದೆಯಲ್ಲೋ," ಅಂದ. ಕಾದು ಕೂತವರೆಲ್ಲ ಹೋ ಎಂದರು.

"ಚೆನ್ನಾಗಿ ಓಡ್ತಾನೆ," ಅಂದ ವರ್ನೆಲ್. "ಓಡಲ್ಲ ಅಂತ ನಾನು ಯಾವತ್ತು ಹೇಳಿದೆ?"

"ಮತ್ತೆ ಯಾಕೆ ಬಿಟ್ಟೆ?"

"ರಜಕ್ಕೆ ಊರಿಗೆ ಬರ್ತಾನಂತೆ. ನಿನ್ನ ಮಗಳನ್ನ ಅವನ ಕಾರಲ್ಲಿ ಒಂದು ಸುತ್ತು ಕಳಿಸು, ಆಮೇಲೆ ಹೇಳ್ತೀನಿ."

ಕ್ಲೀಟಸ್ ಟಿವಿ ನೋಡಿದ, ಕೈಯಲ್ಲಿದ್ದ ಕತ್ತಿ ನೋಡಿದ. ವರ್ನೆಲ್ ಮುಲುಗುತ್ತ ಹೋಗಿ ಖಾಲಿಯಾದ ಕುರ್ಚಿಯಲ್ಲಿ ಕೂತು ಕುತ್ತಿಗೆ ಚಾಚಿದ.

"ಬಾ, ಕತ್ತರಿಸು. ಕಿವಿ ಮೇಲೆ ಜಾಸ್ತಿ ತೆಗೀಬೇಡ."